ಧ್ವನಿಸುರುಳಿಯ ಸಾಕ್ಷ್ಯ: ಸಂತಪುರ ಸೀಮೆಯ ಕನ್ನಡ ಮತ್ತು ಟೇಪ್ ರೆಕಾರ್ಡರಿನ ಹೊಂದಾಣಿಕೆ

ಜಾರ್ಜ್ ಗ್ರಿಯರ್‌ಸನ್ನರ ಭಾರತೀಯ ಭಾಷಾ ಸರ್ವೇಕ್ಷಣೆಯ ವ್ಯಾಪ್ತಿಯಲ್ಲಿ ಮದ್ರಾಸು ಪ್ರಾಂತವಾಗಲಿ, ಹೈದರಾಬಾದು ಮತ್ತು ಮೈಸೂರು ಸಂಸ್ಥಾನಗಳಾಗಲಿ ಸೇರಿರಲಿಲ್ಲ. ದ್ರಾವಿಡ ಭಾಷೆಗಳನ್ನು ಕುರಿತ ನಾಲ್ಕನೆಯ ಸಂಪುಟವು ಸ್ಟೆನ್ ಕೊನೊವ್ ಅವರ ಕೈಯಲ್ಲಿ ಸಿದ್ಧವಾಗಿ 1906ರಲ್ಲಿ ಹೊರಬಂದಾಗ ಕನ್ನಡಕ್ಕೆ ಅದರಲ್ಲಿ ಸ್ಥಾನ ದೊರೆತಿತ್ತು. ಆದರೆ ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದ ಬೀದರ ಸೀಮೆ ಸರ್ವೇಕ್ಷಣೆಯ ಗಡಿಯ ಆಚೆಗೇ ಉಳಿದಿತ್ತು. ಕವಿರಾಜಮಾರ್ಗ ಹೇಳುವ ಕನ್ನಡ ನಾಡಿನ ಉತ್ತರದ ಮೇರೆಯಾದ ಗೋದಾವರಿಯ ದಿಕ್ಕಿಗೆ ಇಂದಿನ ಕರ್ನಾಟಕ ಚಾಚಿರುವ ತುದಿ ಔರಾದ ತಾಲ್ಲೂಕು. ಅಂಥ ಸೀಮೆಯ ಮಾತು ಆಧುನಿಕ ಭಾಷಾವಿಜ್ಞಾನದ ಮೊದಲ ದೊಡ್ಡ ದಾಖಲೆಯಲ್ಲಿ ಇಲ್ಲವೆಂಬುದು ವಿಷಾದದ ಸಂಗತಿಯಷ್ಟೇ ಅಲ್ಲ. ಅದಕ್ಕೊಂದು ವಿಧಾನಾತ್ಮಕ ಪರಿಣಾಮವೂ ಇದೆ. ಆ ಸೀಮೆಯ ಮಾತಿನ ಹಿಂದಿನ ಸ್ಥಿತಿಯನ್ನು ತಿಳಿಯಲು ಹೊರಟವರು ಬರಹದ ಮಾದರಿಗಳಿಗಿಂತ ಹೆಚ್ಚಾಗಿ ಧ್ವನಿಮುದ್ರಣಗಳ ಮೊರೆಹೋಗಬೇಕಾಗುತ್ತದೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಬಹುಭಾಗದಲ್ಲಿ ಧ್ವನಿಮುದ್ರಣವೆಂದರೆ ಕಾಂತೀಯ ಟೇಪಿನ ಸುರುಳಿಯೇ.

ಟೇಪಿನ ಮೇಲಿರುವುದು ಮಾತೇ ಎಂಬ ನಂಬಿಕೆಯನ್ನು ಪರೀಕ್ಷಿಸುವುದು ಈ ಲೇಖನದ ಉದ್ದೇಶ. ಟೇಪಿನಿಂದ ನಮಗೆ ಕೇಳಿಸುವುದು ಮಾತು, ಮುದ್ರಿಸಿದ ಯಂತ್ರ ಮತ್ತು ಮರುನುಡಿಸುವ ಯಂತ್ರ ಈ ಮೂರೂ ಬೆರೆತ ಒಂದು ಸಂಕೇತ. ಅವುಗಳಲ್ಲಿ ಯಾವುದರ ಪಾಲು ಎಷ್ಟೆಂದು ಬೇರ್ಪಡಿಸದೆ ಧ್ವನಿವಿಜ್ಞಾನದ ನಿರ್ಣಯಕ್ಕೆ ಬರುವಂತಿಲ್ಲ. ಯಂತ್ರದ ಶುಚಿ, ಹೊಂದಾಣಿಕೆ ಮತ್ತು ಮಾಪನಾಂಕ ನಿರ್ಣಯವನ್ನು ತಂತ್ರಜ್ಞರ ಪಾಲಿನ ಕೆಲಸವೆಂದು ನಾವು ದೂರವಿಟ್ಟಿದ್ದೇವೆ. ಬೀದರದಂಥ ಬಹುಭಾಷಿಕ ಗಡಿಯಲ್ಲಿ ಅದು ಭಾಷಿಕ ವಾದದ ಒಂದು ಭಾಗವೇ ಆಗಿದೆ ಎಂಬುದು ನನ್ನ ನಿಲುವು.

ಸೀಮೆ ಮತ್ತು ಪ್ರಶ್ನೆ

ಸಂತಪುರವು ಬೀದರ ನಗರದಿಂದ ಔರಾದಿಗೆ ಹೋಗುವ ದಾರಿಯಲ್ಲಿರುವ ಊರು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹಳೆಯ ಬೀದರ ಜಿಲ್ಲೆ ಮೂರು ಪಾಲಾಯಿತು. ಅಹಮದಪುರ, ಉದಗೀರ, ನಿಲಂಗಾ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೂ, ನಾರಾಯಣಖೇಡ, ಜಹೀರಾಬಾದ ಭಾಗಗಳು ಆಂಧ್ರಪ್ರದೇಶಕ್ಕೂ ಹೋದವು; ಬೀದರ, ಭಾಲ್ಕಿ, ಔರಾದ, ಹುಮನಾಬಾದ ಭಾಗಗಳು ಮೈಸೂರಿಗೆ ಬಂದವು. ಆಡಳಿತದ ಗೆರೆಗಳು ಹೊಸದಾದರೂ ಮಾತಿನ ನೆರೆಹೊರೆ ಹಳೆಯದೇ. ಕನ್ನಡ, ಮರಾಠಿ, ತೆಲುಗು, ದಖನಿ ಉರ್ದು, ಲಂಬಾಣಿಗಳು ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ಒಬ್ಬನೇ ವ್ಯಕ್ತಿ ಒಂದೇ ಬೆಳಗಿನಲ್ಲಿ ಮೂರು ಭಾಷೆ ಆಡುವುದು ಇಲ್ಲಿ ಸೋಜಿಗವಲ್ಲ.

ಇಂಥ ಕಡೆ ಧ್ವನಿವಿಜ್ಞಾನಿಗೆ ಸಹಜವಾಗಿ ಏಳುವ ಪ್ರಶ್ನೆಗಳಲ್ಲಿ ಒಂದನ್ನು ಮಾತ್ರ ಎತ್ತಿಕೊಳ್ಳುತ್ತೇನೆ. ಮರಾಠಿಯಲ್ಲಿ ದಂತ್ಯ ಅಥವಾ ವರ್ತ್ಸ್ಯ ಸ್ಪರ್ಶಘರ್ಷಗಳೂ (ತ್ಸ, ದ್ಜ಼) ತಾಲವ್ಯ ಸ್ಪರ್ಶಘರ್ಷಗಳೂ (ಚ, ಜ) ಬೇರೆ ಬೇರೆ ಧ್ವನಿಮಾಗಳು. ಲಿಪಿಯಲ್ಲಿ ಎರಡಕ್ಕೂ ಒಂದೇ ಅಕ್ಷರ. 'ಒಳ್ಳೆಯ' ಎಂಬರ್ಥದ ಚಾಂಗಲಾ ಶಬ್ದದ ಮೊದಲ ವ್ಯಂಜನ ದಂತ್ಯ; 'ನಾಲ್ಕು' ಎಂಬರ್ಥದ ಚಾರ್ ಶಬ್ದದ್ದು ತಾಲವ್ಯ. ತೆಲುಗಿನಲ್ಲಿಯೂ ಎರಡು ಉಚ್ಚಾರಗಳುಂಟು. ಆದರೆ ಸಾಂಪ್ರದಾಯಿಕವಾಗಿ ಅವು ಮುಂದಿನ ಸ್ವರವನ್ನು ಅನುಸರಿಸಿ ಹಂಚಿಕೊಂಡ ಉಪಧ್ವನಿಗಳು. ಶಿಷ್ಟ ಕನ್ನಡದಲ್ಲಿ ಈ ಭೇದವೇ ಇಲ್ಲ. ಹಾಗಾದರೆ ಒಂದು ಬದಿಗೆ ಮರಾಠಿಯ ಧ್ವನಿಮಾಭೇದ, ಇನ್ನೊಂದು ಬದಿಗೆ ತೆಲುಗಿನ ಉಪಧ್ವನಿಭೇದ ಇರುವಲ್ಲಿ ಬದುಕುವ ಕನ್ನಡಿಗನ ಬಾಯಲ್ಲಿ ಚಕಾರ ಜಕಾರಗಳು ಎಲ್ಲಿ ನಿಲ್ಲುತ್ತವೆ? ಎರವಲು ಪದಗಳಲ್ಲಿ ಮಾತ್ರ ದಂತ್ಯವೋ, ದೇಶೀ ಪದಗಳಿಗೂ ಹಬ್ಬಿದೆಯೋ? ಐವತ್ತು ವರ್ಷಗಳ ಹಿಂದೆ ಹೇಗಿತ್ತು, ಈಗ ಹೇಗಿದೆ? ಕೊನೆಯ ಪ್ರಶ್ನೆಗೆ ಹಳೆಯ ಸುರುಳಿಯ ಹೊರತು ಬೇರೆ ಸಾಕ್ಷಿಯಿಲ್ಲ.

ಈ ಭೇದವನ್ನು ಕಿವಿಗೂ ವರ್ಣಪಟಲಕ್ಕೂ ತೋರಿಸಿಕೊಡುವುದು ಘರ್ಷಣೆಯ ಶಕ್ತಿ ಯಾವ ಆವೃತ್ತಿಯಲ್ಲಿ ಒಟ್ಟುಗೂಡಿದೆ ಎಂಬ ಅಂಶ. ತಾಲವ್ಯದಲ್ಲಿ ಆ ಶಕ್ತಿ ಸರಿಸುಮಾರು 2,500ರಿಂದ 4,000 ಹರ್ಟ್ಜ್‌ಗಳ ಸುತ್ತ ಏಳುತ್ತದೆ. ದಂತ್ಯದಲ್ಲಿ 4,000ದಿಂದ ಮೇಲಕ್ಕೆ, 8,000 ಹರ್ಟ್ಜ್ ಮತ್ತು ಅದರಾಚೆಗೂ ಹರಡಿರುತ್ತದೆ. ಕಾಳಜಿಯಿಲ್ಲದ ಟೇಪ್ ಯಂತ್ರವು ಮೊತ್ತಮೊದಲು ಕಳೆದುಕೊಳ್ಳುವುದೂ ಇದೇ ಮೇಲಿನ ಭಾಗವನ್ನು. ನಮ್ಮ ಪ್ರಶ್ನೆಯೂ ಯಂತ್ರದ ದೌರ್ಬಲ್ಯವೂ ಒಂದೇ ಜಾಗದಲ್ಲಿ ಸಂಧಿಸುತ್ತವೆ.

ಯಂತ್ರ ಬಂದ ಬಗೆ

1898ರಲ್ಲಿ ಡೆನ್ಮಾರ್ಕಿನ ವಾಲ್ಡೆಮಾರ್ ಪೌಲ್ಸೆನ್ ಉಕ್ಕಿನ ತಂತಿಯ ಮೇಲೆ ಧ್ವನಿಯನ್ನು ಕಾಂತೀಯವಾಗಿ ಹಿಡಿದರು. 1935ರಲ್ಲಿ ಜರ್ಮನಿಯ ಎಇಜಿ ಸಂಸ್ಥೆ ಟೇಪು ಬಳಸುವ ಮ್ಯಾಗ್ನೆಟೊಫೋನನ್ನು ಬರ್ಲಿನ್ ರೇಡಿಯೊ ಪ್ರದರ್ಶನದಲ್ಲಿ ಮುಂದಿಟ್ಟಿತು. ಆದರೆ ಭಾಷಾವಿಜ್ಞಾನಕ್ಕೆ ನಿಜವಾಗಿ ಉಪಯುಕ್ತವಾದ ತಿರುವು 1940ರದು. ಜರ್ಮನ್ ಪ್ರಸಾರ ಸಂಸ್ಥೆಯ ಹಾನ್ಸ್ ಯೋಆಖಿಮ್ ಫಾನ್ ಬ್ರೌನ್‌ಮ್ಯೂಲ್ ಮತ್ತು ವಾಲ್ಟರ್ ವೆಬರ್ ಮುದ್ರಣದ ಸಂಕೇತಕ್ಕೆ ಕಿವಿಗೆ ನಿಲುಕದಷ್ಟು ಎತ್ತರದ ಆವೃತ್ತಿಯ ಪ್ರವಾಹವನ್ನು ಬೆರೆಸಿದರು. ಅದುವರೆಗಿನ ಗೊರಗೊರ ಸದ್ದು ಬಹುಮಟ್ಟಿಗೆ ಅಡಗಿತು. ಈ 'ಬಯಾಸ್' ಇಲ್ಲದಿದ್ದರೆ ಊಷ್ಮ ವ್ಯಂಜನಗಳನ್ನು ಟೇಪಿನಲ್ಲಿ ಕೇಳಿ ನಿರ್ಣಯಿಸುವ ಮಾತೇ ಇರುತ್ತಿರಲಿಲ್ಲ. ಯುದ್ಧ ಮುಗಿದ ಮೇಲೆ ಜಾನ್ ಮಲ್ಲಿನ್ ಆ ಯಂತ್ರವನ್ನು ಅಮೆರಿಕಕ್ಕೆ ಒಯ್ದರು. 1948ರ ಹೊತ್ತಿಗೆ ಆಂಪೆಕ್ಸ್ ಯಂತ್ರ ಅಲ್ಲಿ ಮಾರುಕಟ್ಟೆಗೆ ಬಂದಿತ್ತು.

ನಮ್ಮ ಕಡೆಗೆ ಬರುವುದಾದರೆ, ಟೇಪಿಗೂ ಮುಂಚಿನ ಒಂದು ಪ್ರಸಂಗ ನೆನೆಯತಕ್ಕದ್ದು. ಡಚ್ ವಿದ್ವಾಂಸ ಆರ್ನಲ್ಡ್ ಬಾಕೆ 1938ರಲ್ಲಿ ದಕ್ಷಿಣ ಭಾರತದಲ್ಲಿ, ಕರಾವಳಿ ಕರ್ನಾಟಕವೂ ಸೇರಿದಂತೆ, ಹಾಡು ಕುಣಿತಗಳನ್ನು ಮುದ್ರಿಸಿದರು. ಅವರ ಸಾಧನಗಳಲ್ಲಿ ಒಂದು ಟೆಫಿ ಜಾತಿಯ ಯಂತ್ರ. ಫಿಲ್ಮಿನ ಪಟ್ಟಿಯ ಮೇಲೆ ಧ್ವನಿಯ ಗೀರು ಕೊರೆಯುವಂಥದ್ದು. ನಾಸಿರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ 1984ರಲ್ಲಿ ಆ ಮುದ್ರಣಗಳ ಪ್ರತಿಗಳೊಂದಿಗೆ ಕರ್ನಾಟಕ ಕೇರಳಗಳಲ್ಲಿ ಬಾಕೆಯ ಜಾಡು ಹಿಡಿದು ಮರುಪ್ರವಾಸ ಮಾಡಿದ ವೇಳೆಗೆ ಆ ಬಗೆಯ ಯಂತ್ರ ಬಳಕೆಯಿಂದ ಮರೆಯಾಗಿತ್ತು. ಮಾಧ್ಯಮ ಉಳಿದು ಅದನ್ನು ಓದುವ ಯಂತ್ರ ಅಳಿಯುವ ಸ್ಥಿತಿ ಇಂದು ಟೇಪಿನ ಬಾಗಿಲಿಗೂ ಬಂದಿದೆ.

ಭಾರತದಲ್ಲಿ ವರ್ಣನಾತ್ಮಕ ಭಾಷಾವಿಜ್ಞಾನ ಬೇರೂರಿದ್ದು ಪುಣೆಯ ಡೆಕ್ಕನ್ ಕಾಲೇಜಿನಲ್ಲಿ, ಎಸ್. ಎಂ. ಕತ್ರೆಯವರ ನೇತೃತ್ವದಲ್ಲಿ, ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ 1954ರಲ್ಲಿ ಆರಂಭವಾದ ಭಾಷಾ ಯೋಜನೆಯ ಕಾಲಕ್ಕೆ. ವಿಲಿಯಂ ಬ್ರೈಟ್ ಅವರ ಆಡುಗನ್ನಡದ ರೂಪರೇಖೆ 1958ರಲ್ಲಿ ಅಲ್ಲಿಂದಲೇ ಪ್ರಕಟವಾಯಿತು. ಮುಂದೆ ಎ. ಎಸ್. ಆಚಾರ್ಯರ ಹಾಲಕ್ಕಿ ಕನ್ನಡ (1967), ಯು. ಪಿ. ಉಪಾಧ್ಯಾಯರ ನಂಜನಗೂಡು ಕನ್ನಡ (1968), ಆರ್. ಮಹಾದೇವನ್ ಅವರ ಗುಲ್ಬರ್ಗ ಕನ್ನಡ (1968) ಬಂದವು. ಉಪಾಧ್ಯಾಯರ ತೌಲನಿಕ ಅಧ್ಯಯನ (1976) ಬಳ್ಳಾರಿ, ಗುಲ್ಬರ್ಗ, ಕುಮಟಾ, ನಂಜನಗೂಡು ಈ ನಾಲ್ಕನ್ನು ಆರಿಸಿಕೊಂಡಿತು. ಗುಲ್ಬರ್ಗದ ಉತ್ತರಕ್ಕೆ ಅದು ಹೋಗಲಿಲ್ಲ. ಆ ಪರಂಪರೆಯ ಬಗೆಗೆ ನನಗೆ ಗೌರವವಿದೆ. ಆದರೆ ಅದರ ಗುರಿ ಧ್ವನಿಮಾಗಳ ವ್ಯವಸ್ಥೆಯಾಗಿತ್ತು, ಮುಖ್ಯ ಉಪಕರಣ ಪಳಗಿದ ಕಿವಿ. ಟೇಪು ಸಿಕ್ಕಲ್ಲಿಯೂ ಅದು ಕಿವಿಗೆ ಎರಡನೆಯ ಅವಕಾಶ ಕೊಡುವ ನೆನಪಿನ ಪುಸ್ತಕವಾಗಿತ್ತೇ ಹೊರತು ಅಳತೆಯ ವಸ್ತುವಾಗಿರಲಿಲ್ಲ. ಗಡಿಭಾಷೆಗಳ ಬಗೆಗಿನ ಪ್ರಸಿದ್ಧ ಅಧ್ಯಯನ, ಸಾಂಗ್ಲಿ ಜಿಲ್ಲೆಯ ಕುಪ್ವಾಡವನ್ನು ಕುರಿತು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಪ್ರಬಂಧ, ಕನ್ನಡ ಮರಾಠಿ ಉರ್ದುಗಳ ವಾಕ್ಯರಚನೆ ಒಂದೇ ಅಚ್ಚಿಗೆ ಬಂದುದನ್ನು ವಾದಿಸಿತು. ವಾಕ್ಯರಚನೆಯ ವಾದಕ್ಕೆ ಮಂಕಾದ ಟೇಪೂ ಸಾಕು. ಪದ ಕೇಳಿಸಿದರೆ ಆಯಿತು. ಧ್ವನಿಯ ಒಮ್ಮುಖತೆಯನ್ನು ವಾದಿಸಹೊರಟವನಿಗೆ ಆ ಸವಲತ್ತು ಇಲ್ಲ.

ಹೆಡ್ಡಿನ ಓರೆ

ರೀಲ್ ಯಂತ್ರದ ಹೃದಯ ಅದರ ಹೆಡ್; ಅದರಲ್ಲಿ ಕೂದಲೆಳೆಗಿಂತ ಸಣ್ಣದಾದ ಒಂದು ಬಿರುಕು. ಈ ಬಿರುಕು ಟೇಪಿನ ಚಲನೆಗೆ ಸರಿಯಾಗಿ ಲಂಬವಾಗಿರಬೇಕು. ಈ ಲಂಬತೆಯನ್ನೇ ಅಜಿಮತ್ ಎನ್ನುವುದು. ಮುದ್ರಿಸಿದ ಹೆಡ್ಡೂ ನುಡಿಸುವ ಹೆಡ್ಡೂ ಒಂದೇ ಓರೆಯಲ್ಲಿದ್ದರೆ ತೊಂದರೆಯಿಲ್ಲ. ಎರಡರ ನಡುವೆ ಕೋನವ್ಯತ್ಯಾಸವಿದ್ದರೆ ಟೇಪಿನ ಮೇಲಂಚೂ ಕೆಳಅಂಚೂ ಬೇರೆ ಬೇರೆ ಗಳಿಗೆಯಲ್ಲಿ ಓದಲ್ಪಟ್ಟು, ಕಿರಿದಾದ ಅಲೆಗಳು ತಮ್ಮನ್ನು ತಾವೇ ಅಳಿಸಿಕೊಳ್ಳುತ್ತವೆ.

ಲೆಕ್ಕ ಹಾಕಿ ನೋಡಿದರೆ ಸಂಗತಿಯ ಗಾತ್ರ ತಿಳಿಯುತ್ತದೆ. ಕ್ಷೇತ್ರಕಾರ್ಯದಲ್ಲಿ ಟೇಪು ಉಳಿಸಲೆಂದು ಸೆಕೆಂಡಿಗೆ 9.53 ಸೆಂಟಿಮೀಟರ್ ವೇಗವನ್ನು ಬಳಸುವುದು ರೂಢಿಯಾಗಿತ್ತು. ಆ ವೇಗದಲ್ಲಿ 6,000 ಹರ್ಟ್ಜ್‌ನ ಒಂದು ಅಲೆ ಟೇಪಿನ ಮೇಲೆ ಸುಮಾರು 15.9 ಮೈಕ್ರೋಮೀಟರ್ ಉದ್ದವಿರುತ್ತದೆ. ಕಾಲು ಅಂಗುಲದ ಟೇಪಿನ ಪೂರ್ಣ ಅಗಲಕ್ಕೆ, ಎಂದರೆ ಸುಮಾರು 6.3 ಮಿಲಿಮೀಟರಿಗೆ, ಮುದ್ರಣವಾಗಿದ್ದು ಎರಡು ಹೆಡ್ಡುಗಳ ನಡುವೆ ಬರೀ 10 ಕಲೆಯಷ್ಟು (ಒಂದು ಡಿಗ್ರಿಯ ಆರನೆಯ ಒಂದು ಭಾಗ) ಓರೆಯಿದ್ದರೆ, 6,000 ಹರ್ಟ್ಜ್‌ನಲ್ಲಿ ನಷ್ಟ ಸುಮಾರು 18 ಡೆಸಿಬಲ್. ಅದಕ್ಕಿಂತ ಕೆಡುಕು, 5,200 ಹರ್ಟ್ಜ್‌ನ ಆಸುಪಾಸಿನಲ್ಲಿ ಧ್ವನಿ ಸೈದ್ಧಾಂತಿಕವಾಗಿ ಪೂರಾ ಶೂನ್ಯಕ್ಕೆ ಇಳಿಯುತ್ತದೆ. ತಾಲವ್ಯದ ಶಕ್ತಿ ಅದಕ್ಕಿಂತ ಕಡಿಮೆ ಪೆಟ್ಟು ತಿಂದು ಉಳಿಯುತ್ತದೆ. ದಂತ್ಯದ್ದು ನಡುವಿನಲ್ಲೇ ಕತ್ತರಿಸಿಹೋಗುತ್ತದೆ. ಉಳಿದ ಕೆಳಭಾಗದಿಂದ ಶಕ್ತಿಯ ಕೇಂದ್ರವನ್ನು ಗಣಿಸಿದರೆ ತ್ಸಕಾರವು ಚಕಾರದ ಕಡೆಗೆ ಜಾರಿದಂತೆ ಕಾಣುತ್ತದೆ. ಇಂಥ ಸುರುಳಿಯನ್ನು ಮುಂದಿಟ್ಟುಕೊಂಡು 'ಈ ಸೀಮೆಯ ಕನ್ನಡಕ್ಕೆ ಮರಾಠಿಯ ದಂತ್ಯ ಸ್ಪರ್ಶಘರ್ಷಗಳು ಇಳಿದಿಲ್ಲ' ಎಂದು ಬರೆದರೆ, ಬರೆದದ್ದು ಕನ್ನಡದ ಬಗೆಗಲ್ಲ, ಒಂದು ತಿರುಪುಮೊಳೆಯ ಬಗೆಗೆ.

ಈ ಮಾತನ್ನು ನಾನು ದೂರದಿಂದ ಆಡುತ್ತಿಲ್ಲ. ವರ್ಷಗಳ ಹಿಂದೆ ಬೀದರ ಕಡೆಯ ಸಂಭಾಷಣೆಯೊಂದರ ಕ್ಯಾಸೆಟ್ ಪ್ರತಿಯನ್ನು ಕೇಳಿ ಲಿಪ್ಯಂತರ ಮಾಡಿದಾಗ ಚಕಾರ ಜಕಾರಗಳನ್ನೆಲ್ಲ ತಾಲವ್ಯವೆಂದೇ ಗುರುತಿಸಿದ್ದೆ. ಮೂಲ ಸುರುಳಿಯನ್ನು ಕೇಳುವ ಅವಕಾಶ ಒದಗಿ, ಯಂತ್ರವನ್ನು ಬಲ್ಲ ಮಿತ್ರರು ಹೆಡ್ಡಿನ ಮಗ್ಗುಲಿನ ತಿರುಪನ್ನು ಅರ್ಧ ಸುತ್ತಿಗೂ ಕಡಿಮೆ ತಿರುಗಿಸಿದಾಗ, ಕಿಟಕಿಗೆ ಹಾಕಿದ್ದ ಕಂಬಳಿ ಸರಿಸಿದಂತಾಯಿತು. ನನ್ನ ಟಿಪ್ಪಣಿಯ ಹಲವು ಗುರುತುಗಳ ಪಕ್ಕದಲ್ಲಿ ಅಂದು ಪ್ರಶ್ನಾರ್ಥಕ ಚಿಹ್ನೆ ಹಾಕಬೇಕಾಯಿತು. ಕ್ಯಾಸೆಟ್ಟಿನಲ್ಲಿ ಕಳೆದುಹೋದದ್ದನ್ನು ಯಾವ ತಿರುಪೂ ಮರಳಿಸಲಾರದು. ಓರೆಯಾಗಿ ನುಡಿಸಿ ತೆಗೆದ ಪ್ರತಿಯಲ್ಲಿ ದೋಷವು ಧ್ವನಿಯೊಳಗೇ ಸೇರಿಬಿಡುತ್ತದೆ. ಇಂದು ಎಷ್ಟೇ ಉತ್ತಮವಾದ ಡಿಜಿಟಲ್ ಸಾಧನಕ್ಕೆ ಸುರುಳಿಯನ್ನು ಇಳಿಸಿಕೊಂಡರೂ ಇದೇ ನಿಯಮ. ಅಂತರರಾಷ್ಟ್ರೀಯ ಧ್ವನಿ ಸಂಗ್ರಹಾಲಯಗಳ ಒಕ್ಕೂಟದ ಮಾರ್ಗಸೂಚಿ ಕನಿಷ್ಠ 48 ಕಿಲೋಹರ್ಟ್ಜ್, 24 ಬಿಟ್ ಎನ್ನುತ್ತದೆ. ನಮ್ಮ ಯೋಜನಾ ವರದಿಗಳು ಈ ಸಂಖ್ಯೆಗಳನ್ನು ಹೆಮ್ಮೆಯಿಂದ ನಮೂದಿಸುತ್ತವೆ. ನುಡಿಸಿದ ಯಂತ್ರದ ಹೆಡ್ಡು ನೇರವಿತ್ತೇ ಎಂಬ ಸಾಲು ಮಾತ್ರ ಅಪರೂಪ.

ಶುಚಿ, ಮಟ್ಟ, ವೇಗ

ಹೊಂದಾಣಿಕೆಗೆ ಮೊದಲು ಶುಚಿ. ಟೇಪಿನಿಂದ ಉದುರಿದ ಕಂದು ಬಣ್ಣದ ಆಕ್ಸೈಡ್ ಪುಡಿ ಹೆಡ್ಡಿನ ಮೇಲೆ ಕೂತರೆ ಟೇಪು ಹೆಡ್ಡಿನಿಂದ ಕೂದಲಷ್ಟು ದೂರ ಸರಿಯುತ್ತದೆ. ಆ ದೂರವೂ ಎತ್ತರದ ಆವೃತ್ತಿಗಳನ್ನೇ ಮೊದಲು ತಿನ್ನುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಹೆಡ್ಡು ಮತ್ತು ಲೋಹದ ದಾರಿಗಳನ್ನು ಒರೆಸುತ್ತಾರೆ. ರಬ್ಬರಿನ ಪಿಂಚ್ ರೋಲರಿಗೆ ಆಲ್ಕೊಹಾಲು ಒಳ್ಳೆಯದಲ್ಲ. ಬಳಿಕ ಕಾಂತಶೇಷವನ್ನು ತೆಗೆಯುವುದು. ಕಾಂತನಿವಾರಕವನ್ನು ದೂರದಲ್ಲಿಯೇ ಚಾಲೂ ಮಾಡಿ, ನಿಧಾನವಾಗಿ ಹತ್ತಿರ ತಂದು, ನಿಧಾನವಾಗಿಯೇ ದೂರ ಒಯ್ದು, ಆಮೇಲೆ ಆರಿಸಬೇಕು. ಹತ್ತಿರದಲ್ಲಿಯೇ ಆರಿಸಿದರೆ ಹೆಡ್ಡು ಇದ್ದುದಕ್ಕಿಂತ ಹೆಚ್ಚು ಕಾಂತೀಯಗೊಂಡು, ಮುಂದೆ ನುಡಿಸುವ ಪ್ರತಿಯೊಂದು ಸುರುಳಿಯ ಮೇಲೂ ಸದ್ದು ಬಳಿಯುತ್ತದೆ. ಈ ಕೆಲಸದ ವೇಳೆ ಸುರುಳಿಗಳು ಆ ಕೋಣೆಯಲ್ಲಿರದಿರುವುದು ಲೇಸು.

ಅನಂತರವೇ ಪ್ರಮಾಣ ಟೇಪು. ಅದರ ಮೇಲೆ ಗೊತ್ತಾದ ಮಟ್ಟದಲ್ಲಿ, ಗೊತ್ತಾದ ಆವೃತ್ತಿಗಳ ಸ್ವರಗಳಿರುತ್ತವೆ: ಅಜಿಮತ್‌ಗೆ 10,000 ಹರ್ಟ್ಜ್‌ನ ಆಸುಪಾಸಿನದು, ಮಟ್ಟಕ್ಕೆ 1,000 ಅಥವಾ 700 ಹರ್ಟ್ಜ್‌ನದು, ಸಮತೋಲಕ್ಕೆ ಮೇಲಿನವೂ ಕೆಳಗಿನವೂ. ಮೊದಲು ನುಡಿಸುವ ಭಾಗವನ್ನು ಸರಿಪಡಿಸಿ, ಆಮೇಲೆ ಬಯಾಸ್ ಮತ್ತು ಮುದ್ರಣದ ಮಟ್ಟಗಳಿಗೆ ಬರಬೇಕೆಂಬ ಕ್ರಮ ಕಡ್ಡಾಯ. ನುಡಿಸುವ ಭಾಗವೇ ತಪ್ಪಾಗಿದ್ದರೆ ಮುದ್ರಣದ ಭಾಗವನ್ನು ಆ ತಪ್ಪಿಗೆ ಹೊಂದಿಸಿದಂತಾಗುತ್ತದೆ. ಯಂತ್ರ ತನ್ನೊಳಗೆ ತಾನು ಸರಿಯೆನಿಸಿ, ಹೊರಗಿನ ಎಲ್ಲ ಯಂತ್ರಗಳಿಗೂ ಪರಕೀಯವಾಗುತ್ತದೆ.

ಇಲ್ಲಿ ಇನ್ನೊಂದು ತೊಡಕು ಇದೆ. ಎತ್ತರದ ಆವೃತ್ತಿಗಳನ್ನು ಮುದ್ರಣದಲ್ಲಿ ಎಷ್ಟು ಏರಿಸಬೇಕು, ಮರುನುಡಿತದಲ್ಲಿ ಹೇಗೆ ಸರಿತೂಗಿಸಬೇಕು ಎಂಬ ಒಪ್ಪಂದ ಜಗತ್ತಿನಲ್ಲಿ ಒಂದೇ ಆಗಿರಲಿಲ್ಲ. ಸೆಕೆಂಡಿಗೆ 19.05 ಸೆಂಟಿಮೀಟರ್ ವೇಗದಲ್ಲಿ ಅಮೆರಿಕದ ಎನ್‌ಎಬಿ ಪದ್ಧತಿ 50 ಮೈಕ್ರೋಸೆಕೆಂಡಿನ ಕಾಲಾಂಕವನ್ನು, ಯುರೋಪಿನ ಐಇಸಿ ಪದ್ಧತಿ 70 ಮೈಕ್ರೋಸೆಕೆಂಡಿನದನ್ನು ಬಳಸಿದವು. ಯುರೋಪಿನ ಯಂತ್ರದಲ್ಲಿ ಮುದ್ರಿಸಿದ್ದನ್ನು ಅಮೆರಿಕದ ಯಂತ್ರದಲ್ಲಿ ನುಡಿಸಿದರೆ ಮೇಲಿನ ಆವೃತ್ತಿಗಳಲ್ಲಿ ಸುಮಾರು 3 ಡೆಸಿಬಲ್ ತಗ್ಗುತ್ತದೆ. ತಿರುವುಮುರುವಾದರೆ ಅಷ್ಟೇ ಏರುತ್ತದೆ. ಎರಡೂ ದೇಶಗಳ ಯಂತ್ರಗಳು ಭಾರತದ ವಿದ್ವಾಂಸರ ಕೈಯಲ್ಲಿ ಓಡಾಡಿವೆ. ಒಂದೇ ಸಂಗ್ರಹದ ಎರಡು ಸುರುಳಿಗಳಲ್ಲಿ ಇಬ್ಬರು ಮಾತುಗಾರರ ಸಕಾರ ಬೇರೆ ಬೇರೆಯಾಗಿ ಕಂಡರೆ, ಅದನ್ನು ಜಾತಿಭೇದ ವಯೋಭೇದಗಳಿಗೆ ಆರೋಪಿಸುವ ಮೊದಲು ಪೆಟ್ಟಿಗೆಯ ಮೇಲೆ ಯಂತ್ರದ ಹೆಸರಿದೆಯೇ ಎಂದು ನೋಡಬೇಕು.

ವೇಗದ ದೋಷವು ವ್ಯಂಜನಗಳ ಜೊತೆಗೆ ಸ್ವರಗಳನ್ನೂ ಕಾಡುತ್ತದೆ. ವಿದ್ಯುತ್ತಿನ ಆವೃತ್ತಿಯನ್ನೇ ಅನುಸರಿಸಿ ತಿರುಗುವ ಮೋಟಾರಿನ ಯಂತ್ರ ಅಮೆರಿಕದ 60 ಹರ್ಟ್ಜ್‌ಗೆ ತಯಾರಾದದ್ದಾಗಿದ್ದು ಇಲ್ಲಿನ 50 ಹರ್ಟ್ಜ್‌ನಲ್ಲಿ ಓಡಿದರೆ, ಆರರಲ್ಲಿ ಐದು ಪಾಲು ವೇಗದಲ್ಲಿ ಮಾತ್ರ ಓಡುತ್ತದೆ. ಹಾಗೆ ಮುದ್ರಿಸಿದ್ದನ್ನು ಸರಿಯಾದ ಯಂತ್ರದಲ್ಲಿ ನುಡಿಸಿದರೆ ಎಲ್ಲವೂ ಐದನೆಯ ಒಂದು ಪಾಲು ಮೇಲೇರುತ್ತದೆ: 120 ಹರ್ಟ್ಜ್‌ನ ಗಂಡುದನಿ 144 ಆಗುತ್ತದೆ, 500 ಮತ್ತು 1,500ರಲ್ಲಿದ್ದ ಫಾರ್ಮಂಟುಗಳು 600 ಮತ್ತು 1,800 ಆಗುತ್ತವೆ, ಸ್ವರದ ಕಾಲಪ್ರಮಾಣ ಆರನೆಯ ಒಂದು ಪಾಲು ಕುಗ್ಗುತ್ತದೆ. ಉತ್ತರದ ಕನ್ನಡದಲ್ಲಿ 'ಮನೆ'ಯು 'ಮನಿ' ಆಗುವಾಗ ಕೊನೆಯ ಸ್ವರ ನಿಜವಾಗಿ ಎಷ್ಟು ಏರುತ್ತದೆ, ಅದು ಪದದ ಮೊದಲಲ್ಲಿ ಬರುವ ಇಕಾರಕ್ಕೆ ಸಮವೇ ಎಂದು ಬೇರೆ ಬೇರೆ ಕಾಲದ ಸುರುಳಿಗಳನ್ನು ಹೋಲಿಸಿ ಕೇಳುವವನಿಗೆ ಇದು ಸಣ್ಣ ವಿಷಯವಲ್ಲ.

ಅದೃಷ್ಟವಶಾತ್ ವಿದ್ಯುತ್ತು ತನ್ನ ಕುರುಹನ್ನು ತಾನೇ ಬಿಟ್ಟುಹೋಗುತ್ತದೆ. ಸಂಭಾಷಣೆಯ ತಳದಲ್ಲಿ ಕೇಳಿಬರುವ ಗುಂಯ್‌ಗುಟ್ಟುವ ಸದ್ದು 50 ಹರ್ಟ್ಜ್‌ನದೂ ಅದರ ಗುಣಕಗಳದೂ ಆಗಿರಬೇಕು. ನುಡಿಸಿದಾಗ ಅದು 60 ಎಂದು ಅಳತೆಗೆ ಸಿಕ್ಕರೆ ವೇಗದ ಕತೆ ತಿಳಿದಂತಾಯಿತು. ನಾವು ಕಸವೆಂದು ಸೋಸಿ ಬಿಸಾಡುವ ಈ ಸದ್ದು ಸುರುಳಿಯ ಜನನಪತ್ರ. ಸೋಸುವುದಕ್ಕೆ ಮೊದಲು ಅಳೆದಿಟ್ಟುಕೊಳ್ಳುವುದು ವಿವೇಕ. ಇದಕ್ಕೂ ಒಂದು ಮಿತಿಯುಂಟು. ನಮ್ಮ ವಿದ್ಯುಜ್ಜಾಲದ ಆವೃತ್ತಿ ಹಿಂದಿನ ದಶಕಗಳಲ್ಲಿ 50ಕ್ಕೆ ಸ್ಥಿರವಾಗಿ ನಿಂತಿರಲಿಲ್ಲ. 48ಕ್ಕೆ ಇಳಿದರೆ ಅಳತೆಯಲ್ಲಿ ನೂರಕ್ಕೆ ನಾಲ್ಕರಷ್ಟು ಅನಿಶ್ಚಿತತೆ ಉಳಿಯುತ್ತದೆ. ವಿದ್ಯುತ್ತೇ ಇಲ್ಲದ ಹಳ್ಳಿಯಲ್ಲಿ ಬ್ಯಾಟರಿ ಯಂತ್ರದಿಂದ ಮುದ್ರಿಸಿದ್ದರೆ ಈ ಕುರುಹೂ ಇರುವುದಿಲ್ಲ. ಆಗ ಭಜನೆಯ ಹಾರ್ಮೋನಿಯಮ್ಮೋ ಸಂಶೋಧಕನು ಮೊದಲಲ್ಲಿ ಬಾರಿಸಿಟ್ಟ ಶ್ರುತಿಕವೆಯೋ ಸಿಕ್ಕಿದರೆ ಪುಣ್ಯ.

ಪಥಗಳು

ಸಂಗೀತದ ಸ್ಟುಡಿಯೊಗಳಲ್ಲಿ ಬಹುಪಥ ಯಂತ್ರವೆಂದರೆ ಎಂಟು, ಹದಿನಾರು, ಇಪ್ಪತ್ತನಾಲ್ಕು ಪಥಗಳ ದೊಡ್ಡ ಯಂತ್ರ. 1957ರಲ್ಲಿ ಲೆಸ್ ಪಾಲ್ ಅವರಿಗಾಗಿ ಆಂಪೆಕ್ಸ್ ಸಿದ್ಧಪಡಿಸಿದ ಎಂಟು ಪಥಗಳ ಯಂತ್ರ ಆ ವಂಶದ ಹಿರಿಯ. ಭಾಷಾವಿಜ್ಞಾನಿಯ ಬದುಕಿನಲ್ಲಿ ಬಹುಪಥತೆ ಎರಡು ಸಾಧಾರಣ ರೂಪಗಳಲ್ಲಿ ಬಂತು. ಒಂದು, ಭಾಷಾ ಪ್ರಯೋಗಾಲಯ. 1969ರಲ್ಲಿ ಡಿ. ಪಿ. ಪಟ್ಟನಾಯಕರ ನಿರ್ದೇಶನದಲ್ಲಿ ಮೈಸೂರಿನಲ್ಲಿ ಭಾರತೀಯ ಭಾಷಾ ಸಂಸ್ಥಾನ ಆರಂಭವಾಗಿ, ಮರುವರ್ಷ ಅದರ ಪ್ರಾದೇಶಿಕ ಭಾಷಾ ಕೇಂದ್ರಗಳು ತೆರೆದಾಗ, ಅನ್ಯಭಾಷಿಕ ಶಿಕ್ಷಕರಿಗೆ ಕನ್ನಡ ಮೊದಲಾದ ಭಾಷೆಗಳನ್ನು ಕಲಿಸುವಲ್ಲಿ ಇಂಥ ಪ್ರಯೋಗಾಲಯಗಳು ನೆರವಾದವು. ಈ ಬಗೆಯ ಯಂತ್ರದಲ್ಲಿ ಒಂದು ಪಥದಲ್ಲಿ ಗುರುವಿನ ಉಚ್ಚಾರ, ಇನ್ನೊಂದರಲ್ಲಿ ಕಲಿಯುವವನದು. ಗುರುವಿನ ಪಥವನ್ನು ಕಲಿಯುವವನು ಅಳಿಸಲಾರ, ತನ್ನದನ್ನು ಎಷ್ಟು ಸಲ ಬೇಕಾದರೂ ಅಳಿಸಿ ಬರೆಯಬಹುದು. ಎರಡನ್ನೂ ಬೆನ್ನುಬೆನ್ನಿಗೆ ಕೇಳಿ ಹೋಲಿಸಿಕೊಳ್ಳುವುದೇ ಪಾಠ. ಹೋಲಿಕೆ ನ್ಯಾಯವಾಗಿರಬೇಕಾದರೆ ಎರಡು ಪಥಗಳ ಮಟ್ಟವೂ ಸಮತೋಲವೂ ಒಂದೇ ಇರಬೇಕು. ಹಗಲಿಡೀ ಓಡುವ ಯಂತ್ರದಲ್ಲಿ ಹೆಡ್ಡು ಸವೆದು ಒಂದು ಪಥ ಮಂಕಾದರೆ, ಕಲಿಯುವವನು ತನ್ನದಲ್ಲದ ತಪ್ಪನ್ನು ತಿದ್ದಿಕೊಳ್ಳಲು ಹೆಣಗುತ್ತಾನೆ.

ಇನ್ನೊಂದು, ಮನೆಬಳಕೆಯ ನಾಲ್ಕು ಪಥಗಳ ಯಂತ್ರ. ಇದರಲ್ಲಿ 1 ಮತ್ತು 3ನೆಯ ಪಥಗಳು ಒಂದು ದಿಕ್ಕಿಗೆ, ಸುರುಳಿ ತಿರುಗಿಸಿ ಹಾಕಿದಾಗ 2 ಮತ್ತು 4ನೆಯವು ಎದುರು ದಿಕ್ಕಿಗೆ. ಟೇಪು ದುಬಾರಿಯಾಗಿದ್ದ ಕಾಲದಲ್ಲಿ ಕ್ಷೇತ್ರಕಾರ್ಯಕ್ಕೆ ಇದು ವರವೇ ಸರಿ. ಪೂರ್ಣ ಅಗಲದ ಹೆಡ್ಡಿನಲ್ಲಿ ಇಂಥ ಸುರುಳಿಯನ್ನು ನುಡಿಸಿದರೆ ಅಜ್ಜಿಯ ಕತೆಯ ಅಡಿಯಲ್ಲಿ ಇನ್ನಾರದೋ ಮಾತು ಹಿಂದುಮುಂದಾಗಿ ಉರುಳುತ್ತದೆ. ಸಂಗ್ರಹಾಲಯಗಳಲ್ಲಿ 'ಕೆಟ್ಟ ಸುರುಳಿ' ಎಂಬ ಚೀಟಿ ಹೊತ್ತವುಗಳಲ್ಲಿ ಕೆಲವು ಹೀಗೆ ತಪ್ಪು ಹೆಡ್ಡಿನಲ್ಲಿ ನುಡಿಸಲ್ಪಟ್ಟವೇ ಆಗಿರಬಹುದು. ಕಿರಿದಾದ ಪಥಕ್ಕೆ ಒಂದು ಅನಿರೀಕ್ಷಿತ ಗುಣವೂ ಉಂಟು. ಮೇಲೆ ಹೇಳಿದ 10 ಕಲೆಯ ಓರೆಗೆ, ಅದೇ ವೇಗದಲ್ಲಿ, 6,000 ಹರ್ಟ್ಜ್‌ನಲ್ಲಿ, 2.1 ಮಿಲಿಮೀಟರ್ ಅಗಲದ ಪಥದಲ್ಲಿ ನಷ್ಟ ಸುಮಾರು 2 ಡೆಸಿಬಲ್; 1 ಮಿಲಿಮೀಟರ್ ಪಥದಲ್ಲಿ ಅರ್ಧ ಡೆಸಿಬಲ್ಲಿನಷ್ಟೇ. ಹಿಸ್ ಸದ್ದು ಹೆಚ್ಚು, ಟೇಪಿನ ಮೇಲಿನ ದೂಳಿನ ಕಣವೂ ಮಾತನ್ನು ಹಾರಿಸೀತು, ನಿಜ. ಆದರೂ ಸ್ಪರ್ಶಘರ್ಷಗಳ ಪ್ರಶ್ನೆಗೆ ವೃತ್ತಿಪರ ಯಂತ್ರದ ಪೂರ್ಣಪಥ ಸುರುಳಿಗಿಂತ ಅಗ್ಗದ ಯಂತ್ರದ ಕಾಲುಪಥ ಸುರುಳಿಯೇ ಕೆಲವೊಮ್ಮೆ ಹೆಚ್ಚು ನಂಬಲರ್ಹವಾಗುವುದು ವಿಚಿತ್ರವಾದರೂ ಸತ್ಯ.

ಸಕಾರದಿಂದ ಸಕಾರವನ್ನು ಅಳೆಯುವುದು

ಪ್ರಮಾಣ ಟೇಪಿನಿಂದ ಯಂತ್ರವನ್ನು ಸರಿಪಡಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಮುದ್ರಿಸಿದ ಯಂತ್ರವೇ ಓರೆಯಾಗಿದ್ದಿದ್ದರೆ, ಸರಿಯಾದ ಯಂತ್ರದಲ್ಲಿ ಆ ಸುರುಳಿ ತಪ್ಪಾಗಿ ಕೇಳುತ್ತದೆ; ಆ ಸುರುಳಿಯ ಮಟ್ಟಿಗೆ ನಮ್ಮ ಹೆಡ್ಡನ್ನೂ ಅದೇ ಓರೆಗೆ ತರಬೇಕು. ಸ್ಟುಡಿಯೊ ಸುರುಳಿಗಳ ಮೊದಲಲ್ಲಿ ಇದಕ್ಕೆಂದೇ ಸ್ವರಗಳನ್ನು ಮುದ್ರಿಸಿಟ್ಟಿರುತ್ತಾರೆ. ಕ್ಷೇತ್ರಕಾರ್ಯದ ಸುರುಳಿ ನೇರವಾಗಿ 'ಹೂಂ, ಹೇಳ್ರಿ' ಎಂದು ಆರಂಭವಾಗುತ್ತದೆ. ಹಾಗಾಗಿ ತಂತ್ರಜ್ಞರು ಕಿವಿಯನ್ನು ನೆಚ್ಚುತ್ತಾರೆ: ಮಾತು ಅತಿ ಸ್ಪಷ್ಟವಾಗಿ, ಸಕಾರಗಳು ಅತಿ ಚೂಪಾಗಿ ಕೇಳುವವರೆಗೆ ತಿರುಪನ್ನು ತಿರುಗಿಸುವುದು. ಸಾಮಾನ್ಯ ಕೇಳುಗನಿಗೆ ಇದು ಧಾರಾಳವಾಗಿ ಸಾಕು. ನಮಗೆ ಇದರಲ್ಲೊಂದು ಚಕ್ರವಿದೆ. ಮಾಹಿತಿದಾರನ ಊಷ್ಮಗಳನ್ನು ಆಧಾರವಾಗಿಟ್ಟು ಯಂತ್ರವನ್ನು ಹೊಂದಿಸಿ, ಹೊಂದಿಸಿದ ಯಂತ್ರದಿಂದ ಅವೇ ಊಷ್ಮಗಳನ್ನು ಅಳೆಯುತ್ತಿದ್ದೇವೆ. ಆತನ ಸಕಾರ ಸ್ವಭಾವತಃ ಮೃದುವೋ ಹೆಡ್ಡು ಓರೆಯೋ ಎಂದು ಈ ದಾರಿಯಿಂದ ತಿಳಿಯಲಾಗದು.

ಈ ಚಕ್ರವನ್ನು ಮುರಿಯಲು ಬಹುಪಥ ಹೆಡ್ಡೇ ನೆರವಿಗೆ ಬರುತ್ತದೆ. ಪೂರ್ಣ ಅಗಲಕ್ಕೆ ಮುದ್ರಿತವಾದ ಸುರುಳಿಯನ್ನು ಎರಡು ಪಥಗಳ ಹೆಡ್ಡಿನಲ್ಲಿ ನುಡಿಸಿ ಎರಡನ್ನೂ ಬೇರೆ ಬೇರೆಯಾಗಿ ಗಣಕಕ್ಕೆ ಇಳಿಸಿಕೊಂಡರೆ, ಎರಡರಲ್ಲಿಯೂ ಅದೇ ಮಾತು ಇರುತ್ತದೆ. ಓರೆಯಿದ್ದರೆ ಒಂದು ಇನ್ನೊಂದಕ್ಕಿಂತ ತುಸು ತಡವಾಗಿರುತ್ತದೆ. ಪಥಗಳ ನಡುಗೆರೆಗಳು ಸುಮಾರು 4 ಮಿಲಿಮೀಟರ್ ದೂರವಿದ್ದರೆ, 10 ಕಲೆಯ ಓರೆಗೆ 9.53 ಸೆಂಟಿಮೀಟರ್ ವೇಗದಲ್ಲಿ ಈ ವಿಳಂಬ ಸುಮಾರು 120 ಮೈಕ್ರೋಸೆಕೆಂಡು. 96 ಕಿಲೋಹರ್ಟ್ಜ್‌ನಲ್ಲಿ ಇಳಿಸಿಕೊಂಡಿದ್ದರೆ ಅದು ಹನ್ನೊಂದು ಹನ್ನೆರಡು ಬಿಂದುಗಳಷ್ಟು, ಕಣ್ಣಿಗೇ ಕಾಣುತ್ತದೆ. ವಿಳಂಬ ಶೂನ್ಯವಾಗುವವರೆಗೆ ತಿರುಪನ್ನು ತಿರುಗಿಸಿದರೆ ಓರೆ ಸರಿಹೋಯಿತು. ಈ ಪರೀಕ್ಷೆಗೆ ಮಾತು ಯಾವ ಭಾಷೆಯದು, ಸಕಾರ ಹೇಗಿದೆ, ಚಕಾರ ದಂತ್ಯವೋ ತಾಲವ್ಯವೋ ಒಂದೂ ಗೊತ್ತಿರಬೇಕಾಗಿಲ್ಲ. ಬಾಗಿಲು ಬಡಿದ ಸದ್ದಾದರೂ ಆದೀತು.

ಕಾಲುಪಥದ ಒಂದೇ ವಾಹಿನಿಯ ಸುರುಳಿಗಳಿಗೆ ಈ ಉಪಾಯ ಒದಗದು. ಅವುಗಳ ವಿಷಯದಲ್ಲಿ ಓರೆಯ ಭಯ ಕಡಿಮೆಯಿದ್ದರೂ ಸಮತೋಲದ ಪ್ರಶ್ನೆ ಉಳಿದೇ ಇರುತ್ತದೆ. ಅಲ್ಲಿ ನನಗೆ ಉಪಯುಕ್ತವಾಗಿ ಕಂಡದ್ದು ಸಂಶೋಧಕನ ಸ್ವಂತ ದನಿ. ಪ್ರಶ್ನೆ ಕೇಳುವವನು ಅದೇ ಯಂತ್ರದಲ್ಲಿ, ಅದೇ ದಿನ ಮಾತನಾಡಿರುತ್ತಾನೆ. ಆತನ ಊರು, ಮನೆಮಾತು ನಮಗೆ ಗೊತ್ತಿರುತ್ತದೆ. ಅನೇಕ ವೇಳೆ ಆತನ ಬೇರೆ ಮುದ್ರಣಗಳೂ ಸಿಗುತ್ತವೆ. ಮೈಸೂರು ಕಡೆಯ ಸಂಶೋಧಕನೊಬ್ಬನ 'ಏನು ಹೆಸರು', 'ಎಷ್ಟು ವರ್ಷ', 'ಇದಕ್ಕೆ ಏನಂತೀರಿ', 'ಚೆನ್ನಾಗಿ ಹೇಳಿದಿರಿ' ಎಂಬ ಮಾತುಗಳಲ್ಲಿನ ಷಕಾರ ಸಕಾರ ಚಕಾರಗಳು ಬೇರೆಡೆ ಹೇಗಿವೆಯೋ ಹಾಗೆ ಈ ಸುರುಳಿಯಲ್ಲಿಯೂ ಇರಬೇಕು. ಮೈಕಿನಿಂದ ಆತ ಕುಳಿತ ದೂರಕ್ಕೂ ಲೆಕ್ಕ ಬಿಟ್ಟು ನೋಡಬೇಕು, ನಿಜ. ಆದರೂ ಉಳಿದ ವ್ಯತ್ಯಾಸವೆಷ್ಟೋ ಅಷ್ಟನ್ನು ಯಂತ್ರದ ಖಾತೆಗೆ ಬರೆದು, ಮಾಹಿತಿದಾರನ ಮಾತಿನಿಂದ ಕಳೆಯಬಹುದು. ಹಳೆಯ ಲಿಪ್ಯಂತರಗಳಲ್ಲಿ ಈ ಪ್ರಶ್ನೆಗಳನ್ನು ಸಾಮಾನ್ಯವಾಗಿ ಬರೆದುಕೊಂಡಿರುವುದಿಲ್ಲ. ಪ್ರಸಾರಕ್ಕೋ ಪ್ರದರ್ಶನಕ್ಕೋ ತೆಗೆದ ಪ್ರತಿಗಳಲ್ಲಿ ಬ್ಲೇಡಿನಿಂದ ಕತ್ತರಿಸಿ ತೆಗೆದಿರುತ್ತಾರೆ. ಕತ್ತರಿಸದ ಮೂಲ ಸುರುಳಿಗಳನ್ನು ಹುಡುಕುವಾಗ ನಾವು ಮೊದಲು ಕಿವಿಗೊಡಬೇಕಾದದ್ದು ಆ ಪ್ರಶ್ನೆಗಳಿಗೇ.